ಏಲಾಯ್: ಒಂದು ಪಾತ್ರಪರೀಕ್ಷೆ

ನೆದರ್ಲೆಂಡ್ಸ್ ದೇಶದ ಆಮ್ಸ್ಟರ್‌ಡ್ಯಾಮ್ ನಗರದಲ್ಲಿರುವ ಗೆರಿಲ್ಲಾ ಗೇಮ್ಸ್ ಸಂಸ್ಥೆಯವರು 2017ರ ಫೆಬ್ರವರಿ ತಿಂಗಳಲ್ಲಿ ‘ಹೊರೈಜನ್ ಝೀರೋ ಡಾನ್’ ಎಂಬ ವಿಡಿಯೋ ಗೇಮನ್ನೂ, 2022ರ ಫೆಬ್ರವರಿಯಲ್ಲಿ ಅದರ ಉತ್ತರಭಾಗವಾದ ‘ಹೊರೈಜನ್ ಫರ್ಬಿಡನ್ ವೆಸ್ಟ್’ ಎಂಬುದನ್ನೂ ಹೊರತಂದರು. ಎರಡಕ್ಕೂ ನಾಯಿಕೆ ಒಬ್ಬಳೇ. ಅವಳ ಹೆಸರು ಏಲಾಯ್. ಈ ಪಾತ್ರದ ವಿಷಯದಲ್ಲಿ ಆಟವನ್ನು ಬಲ್ಲವರೊಳಗೆ ಎರಡು ಪಕ್ಷಗಳಿವೆ. ಈಚಿನ ಆಟಗಳಲ್ಲಿ ಇಷ್ಟು ಪುಷ್ಟವಾದ ಸ್ತ್ರೀಪಾತ್ರವು ವಿರಳವೆಂದು ಒಂದು ಪಕ್ಷದವರು ಹೇಳುವರು. ಇವಳು ಎಂದೂ ತಪ್ಪದವಳು, ಎಲ್ಲವನ್ನೂ ಬಲ್ಲವಳು, ಆದುದರಿಂದಲೇ ನೀರಸಳು ಎಂದು ಇನ್ನೊಂದು ಪಕ್ಷದವರು ಹೇಳುವರು. ಉಭಯಪಕ್ಷದವರೂ ಕೃತಿಯ ಬೇರೆ ಬೇರೆ ಅಂಗಗಳನ್ನು ಹಿಡಿದು ಮಾತನಾಡುತ್ತಿರುವಂತೆ ತೋರುತ್ತದೆ.

ಇಂಥ ಕೃತಿಯನ್ನು ಸಾಹಿತ್ಯವಿಮರ್ಶೆಯ ಒರೆಗಲ್ಲಿಗೆ ಹಚ್ಚುವುದು ಯುಕ್ತವೇ ಎಂದು ಕೆಲವರು ಕೇಳಬಹುದು. ಕಥೆ, ಪಾತ್ರ, ಸಂಭಾಷಣೆ ಇವುಗಳುಳ್ಳ ಯಾವುದೇ ದೃಶ್ಯಪ್ರಬಂಧಕ್ಕೆ ಆ ಪರೀಕ್ಷೆ ಸಲ್ಲುತ್ತದೆ. ಕಷ್ಟವಿರುವುದು ಬೇರೊಂದು ಕಡೆಯಲ್ಲಿ. ನಾಟಕದಲ್ಲಿ ಸಹೃದಯನು ಕುಳಿತು ನೋಡುತ್ತಾನೆ. ಇಲ್ಲಿ ಅವನೇ ನಾಯಿಕೆಯನ್ನು ನಡೆಸುತ್ತಾನೆ, ಓಡಿಸುತ್ತಾನೆ, ಅವಳ ಕೈಯಿಂದ ಬಾಣಬಿಡಿಸುತ್ತಾನೆ, ಕೆಲವೆಡೆ ಅವಳು ಯಾವ ಮಾತನ್ನಾಡಬೇಕೆಂಬುದನ್ನೂ ತಾನೇ ಗೊತ್ತುಮಾಡುತ್ತಾನೆ. ಹೀಗಿರುವಾಗ ಅವಳ ಶೀಲವೆಂಬುದು ಕವಿಯ ಸೊತ್ತೋ, ಆಡುವವನ ಸೊತ್ತೋ? ಏಲಾಯಳ ಪಾತ್ರದ ಗುಣದೋಷಗಳಲ್ಲಿ ಬಹುಪಾಲು ಈ ಪ್ರಶ್ನೆಯನ್ನೇ ಸುತ್ತಿಕೊಂಡಿವೆ.

ಕಥೆಯ ಕಾಲ ಕ್ರಿಸ್ತಶಕ 31ನೆಯ ಶತಮಾನ. ಹಳೆಯ ನಾಗರಿಕತೆ ಅಳಿದು ಸಾವಿರ ವರ್ಷಗಳಾಗಿವೆ; ಮೃಗಾಕಾರದ ಯಂತ್ರಗಳು ಕಾಡುಗಳಲ್ಲಿ ಸಂಚರಿಸುತ್ತಿವೆ; ಮನುಷ್ಯರು ಬಿಲ್ಲುಬಾಣಗಳನ್ನು ಹಿಡಿದ ಬುಡಕಟ್ಟುಗಳಾಗಿದ್ದಾರೆ. ಹಿಂದೆ ಕೊಲರಾಡೋ ಎಂದು ಹೆಸರಾಗಿದ್ದ ಬೆಟ್ಟಸೀಮೆಯಲ್ಲಿ ನೋರಾ ಎಂಬ ಕುಲವಿದೆ. ಅವರಲ್ಲಿ ತಾಯಿಯೇ ದೈವ. ವೃದ್ಧೆಯರಾದ ಕುಲಮಾತೆಯರೇ ಶಾಸನಕರ್ತರು. ಇವರು ಪೂಜಿಸುವ ಪರ್ವತದ ಗರ್ಭದಲ್ಲಿ, ಮುಚ್ಚಿದ ಲೋಹದ ಬಾಗಿಲಿನ ಮುಂದೆ, ಒಂದು ಹೆಣ್ಣುಶಿಶು ದೊರೆಯುತ್ತದೆ. ತಾಯಿಯಿಲ್ಲದೆ ಹುಟ್ಟಿದ ಮಗು ಶಾಪವೆಂದು ಲಾನ್ಸ್ರಾ ಎಂಬ ಕುಲಮಾತೆ ಹೇಳುವಳು. ವರವೆಂದು ಟೀರ್ಸಾ ಎಂಬವಳು ಹೇಳುವಳು. ಕೊನೆಗೆ ಮಗುವನ್ನು ಬಹಿಷ್ಕೃತನಾದ ರಾಸ್ಟ್ ಎಂಬವನ ಕೈಗೆ ಕೊಟ್ಟು ಕುಲದಿಂದ ಹೊರಗಿಡುವರು. ತಾಯಿಯನ್ನೇ ದೇವರೆಂದು ಭಾವಿಸುವ ಜನರ ನಡುವೆ ತಾಯಿಯಿಲ್ಲದವಳಾಗಿ ಬೆಳೆಯುವುದೆಂಬ ಈ ಒಂದು ಕಲ್ಪನೆಯಲ್ಲಿಯೇ ಪಾತ್ರದ ಬೀಜವಿದೆ. ಬೇರೆ ಯಾವ ಸಮಾಜದಲ್ಲಿ ಇಟ್ಟಿದ್ದರೂ ಅವಳ ಕೊರತೆ ಇಷ್ಟು ತೀಕ್ಷ್ಣವಾಗುತ್ತಿರಲಿಲ್ಲ.

ಬೀಜವು ಮೊಳೆಯುವ ಸನ್ನಿವೇಶಗಳನ್ನು ಕರ್ತೃಗಳು ಮಿತಭಾಷೆಯಿಂದ ರಚಿಸಿದ್ದಾರೆ. ಆರು ವರ್ಷದ ಹುಡುಗಿ ಹಣ್ಣು ಆರಿಸುತ್ತಿರುವ ಮಕ್ಕಳ ಬಳಿಗೆ ಹೋಗಿ ತಾನು ಕಿತ್ತ ಹಣ್ಣನ್ನು ಕೊಡಲು ಕೈನೀಡುತ್ತಾಳೆ. ಹಿರಿಯಳೊಬ್ಬಳು ಮಕ್ಕಳನ್ನು ಸೆಳೆದುಕೊಂಡು ಹೊರಟುಹೋಗುತ್ತಾಳೆ. ಬಹಿಷ್ಕೃತರೊಡನೆ ಮಾತನಾಡಲಾಗದೆಂಬುದು ಕುಲದ ಕಟ್ಟಳೆ. ಅವಮಾನಗೊಂಡು ಓಡಿದ ಹುಡುಗಿ ಹಳೆಯ ಕಾಲದ ಪಾಳೊಂದರೊಳಕ್ಕೆ ಬೀಳುತ್ತಾಳೆ. ಅಲ್ಲಿ ಫೋಕಸ್ ಎಂಬ ಪುಟ್ಟ ಯಂತ್ರ ಅವಳಿಗೆ ಸಿಕ್ಕುತ್ತದೆ. ಕಿವಿಯ ಬಳಿ ಧರಿಸಿದರೆ ಅದು ಇತರರಿಗೆ ಕಾಣದುದನ್ನು ಕಾಣಿಸುವುದು. ಜನರಿಂದ ತಿರಸ್ಕೃತಳಾದ ಗಳಿಗೆಯಲ್ಲಿಯೇ ಜ್ಞಾನವು ಕೈಸೇರುತ್ತದೆ. ಮುಂದೆ ಇವಳಿಗೆ ಮನುಷ್ಯರ ಮಾತಿಗಿಂತ ಯಂತ್ರದ ಸಾಕ್ಷ್ಯವೇ ಹೆಚ್ಚು ನಂಬಿಕೆಗೆ ಯೋಗ್ಯವಾಗಿ ತೋರುವುದಕ್ಕೆ ಇದಕ್ಕಿಂತ ಸಹಜವಾದ ಕಾರಣವನ್ನು ಕಲ್ಪಿಸುವುದು ಕಷ್ಟ. ಅವಳ ಕುತೂಹಲ, ಅವಳ ಅಸಹನೆ, ಮೂಢಾಚಾರದ ಮೇಲಿನ ಅವಳ ಕೋಪ ಇವು ಮೂರೂ ಒಂದೇ ಗಾಯದಿಂದ ಹುಟ್ಟಿದ ಗುಣಗಳು.

ಇಲ್ಲಿಂದ ಮುಂದೆ ಹದಿನೆಂಟರ ಪ್ರಾಯದವರೆಗೆ ಅವಳ ಬಾಳು ಒಂದೇ ಗುರಿಗೆ ಕಟ್ಟುಬಿದ್ದಿರುತ್ತದೆ. ಪ್ರೂವಿಂಗ್ ಎಂಬ ಪರೀಕ್ಷೆಯಲ್ಲಿ ಮೊದಲಿಗರಾದವರಿಗೆ ಕುಲಮಾತೆಯರು ಕೇಳಿದ ವರವನ್ನು ಕೊಡುವರು. ತನ್ನ ತಾಯಿ ಯಾರೆಂಬುದನ್ನು ತಿಳಿಯಬೇಕೆಂಬುದೇ ಏಲಾಯ್ ಬಯಸಿದ ವರ. ಪರೀಕ್ಷೆಯಲ್ಲಿ ಗೆದ್ದರೆ ಅವಳು ಕುಲದವಳಾಗುವಳು. ಆಗ ಬಹಿಷ್ಕೃತನಾದ ರಾಸ್ಟನು ಅವಳನ್ನು ಕಾಣಕೂಡದು. ಊರಬಾಗಿಲ ಬಳಿ ಅವನು ಅವಳನ್ನು ಬೀಳ್ಕೊಡುವ ಸನ್ನಿವೇಶವು ಪೂರ್ವಭಾಗದ ಅತ್ಯುತ್ತಮ ಪ್ರಕರಣಗಳಲ್ಲಿ ಒಂದು. ಕಟ್ಟಳೆಯನ್ನು ಮುರಿದಾದರೂ ನೋಡಲು ಬರುವೆನೆಂದು ಅವಳು ಹೇಳಿದರೆ, ಹುಡುಕಿದರೂ ಸಿಕ್ಕದ ಕಡೆಗೆ ಹೋಗುವೆನೆಂದು ಅವನು ಹೇಳುತ್ತಾನೆ. ‘ಶಾಕುಂತಲ’ದ ನಾಲ್ಕನೆಯ ಅಂಕವನ್ನು ಪಾಠಹೇಳುವ ಅಧ್ಯಾಪಕರಿಗೆ ಸಾಕುತಂದೆಯ ಬೀಳ್ಕೊಡಿಗೆ ಹೊಸತಲ್ಲ. ಆದರೆ ಕಣ್ವನ ದುಃಖವು ವಾಗ್ರೂಪವನ್ನು ತಾಳುತ್ತದೆ. ರಾಸ್ಟನ ದುಃಖವು ಶಾಸನಪಾಲನೆಯ ಕಾಠಿಣ್ಯದ ಹಿಂದೆ ಅವಿತುಕೊಳ್ಳುತ್ತದೆ. ಕೂಡಲೇ ಪರೀಕ್ಷಾಭೂಮಿಯ ಮೇಲೆ ಶತ್ರುಗಳು ಬೀಳುವರು. ಇನ್ನೇನು ಏಲಾಯ್ ಸಾಯಬೇಕು ಎನ್ನುವಾಗ ರಾಸ್ಟನು ಬಂದು ಅವಳನ್ನು ಉಳಿಸಿ ತಾನು ಮಡಿಯುವನು. ಕಾಣಕೂಡದೆಂದು ತಾನೇ ಹೇಳಿದ್ದವನು ಅವಳನ್ನು ಮರೆಯಿಂದ ಕಾಯುತ್ತಿದ್ದನೆಂಬುದು ಅವನ ಮರಣದಿಂದಲೇ ಗೊತ್ತಾಗುತ್ತದೆ. ಯಾರ ಬಾಯಿಂದಲೂ ಇದನ್ನು ಹೇಳಿಸದಿರುವುದು ಕರ್ತೃಗಳ ಔಚಿತ್ಯಜ್ಞಾನಕ್ಕೆ ಸಾಕ್ಷಿ.

ನಾಯಿಕೆಯ ಜಾತಿಯನ್ನು ಲಕ್ಷಣಗ್ರಂಥಗಳ ಪ್ರಕಾರ ಗೊತ್ತುಮಾಡಹೊರಟರೆ ಒಂದು ವಿನೋದವು ಕಾಣುತ್ತದೆ. ಧನಂಜಯನ ‘ದಶರೂಪಕ’ವು ನಾಯಿಕೆಯರನ್ನು ಸ್ವೀಯಾ, ಅನ್ಯಾ, ಸಾಧಾರಣಾ ಎಂದು ವಿಂಗಡಿಸಿ, ಅವರಿಗೆ ಎಂಟು ಅವಸ್ಥೆಗಳನ್ನು ಹೇಳುತ್ತದೆ. ಈ ಎಂಟೂ ಪ್ರಿಯನ ಸಂಬಂಧದಿಂದ ಏರ್ಪಟ್ಟವು: ಅವನು ಬರುವನೆಂದು ಕಾಯುವವಳು, ಬರಲಿಲ್ಲವೆಂದು ಕೊರಗುವವಳು, ತಾನೇ ಹೊರಟವಳು, ಹೀಗೆ. ಏಲಾಯಳಿಗೆ ಆ ಪಟ್ಟಿಯಲ್ಲಿ ಎಡೆಯೇ ಇಲ್ಲ. ಆದರೆ ಅದೇ ಗ್ರಂಥದ ನಾಯಕಭೇದಗಳನ್ನು ನೋಡಿದರೆ ಧೀರೋದಾತ್ತನ ಲಕ್ಷಣಗಳು ಇವಳಿಗೆ ಚೆನ್ನಾಗಿ ಹೊಂದುತ್ತವೆ. ಸ್ಥೈರ್ಯ, ದೃಢವ್ರತತ್ವ, ಆತ್ಮಶ್ಲಾಘನೆಯಿಲ್ಲದಿರುವುದು ಎಲ್ಲವೂ ಇವೆ. ನಿಗೂಢಾಹಂಕಾರವೆಂಬ ಲಕ್ಷಣವಂತೂ ಇವಳಿಗಾಗಿಯೇ ಹೇಳಿದಂತಿದೆ: ಇವಳು ತನ್ನನ್ನು ಹೊಗಳಿಕೊಳ್ಳುವುದಿಲ್ಲ, ಹೊಗಳುವವರ ಮುಂದೆ ಮುಖ ತಿರುಗಿಸುತ್ತಾಳೆ, ಆದರೂ ತನ್ನ ಹೊರತು ಯಾರೂ ಈ ಕೆಲಸವನ್ನು ಮಾಡಲಾರರೆಂಬ ಹಮ್ಮು ಒಳಗೆ ಬಲವಾಗಿ ನಿಂತಿದೆ. ಉಳಿದದ್ದು ಕ್ಷಮೆ. ಈ ಒಂದು ಲಕ್ಷಣದ ಬಳಿಗೆ ಬಂದಾಗ ವಿಮರ್ಶಕನು ನಿಲ್ಲಬೇಕಾಗುತ್ತದೆ.

ಓಲಿನ್ ಎಂಬವನೊಬ್ಬನಿದ್ದಾನೆ. ಅವನು ಧರಿಸಿದ ಫೋಕಸ್ಸಿನ ಮೂಲಕ ಶತ್ರುಗಳು ಏಲಾಯಳ ಮುಖವನ್ನು ಕಂಡದ್ದೇ ಪರೀಕ್ಷಾಭೂಮಿಯ ಕೊಲೆಗಳಿಗೂ ರಾಸ್ಟನ ಸಾವಿಗೂ ಕಾರಣ. ಹೆಂಡತಿಮಕ್ಕಳನ್ನು ಒತ್ತೆಯಿಟ್ಟುಕೊಂಡವರ ಬಲಾತ್ಕಾರಕ್ಕೆ ಸಿಕ್ಕಿ ಅವನು ಈ ಕೆಲಸಕ್ಕೆ ಒಳಪಟ್ಟಿದ್ದನು. ಅವನು ಕೈಗೆ ಸಿಕ್ಕಿದಾಗ ಕೊಲ್ಲುವುದೋ ಬಿಡುವುದೋ ಎಂಬುದನ್ನು ಆಟಗಾರನ ಇಚ್ಛೆಗೆ ಬಿಡಲಾಗಿದೆ. ಇಂಥ ಕಡೆಗಳಲ್ಲಿ ಪರದೆಯ ಮೇಲೆ ಮೂರು ಗುರುತುಗಳು ಮೂಡುವುದುಂಟು: ಹೃದಯ, ಮುಷ್ಟಿ, ಮಿದುಳು. ಆಟಗಾರನು ಮೊದಲನೆಯದನ್ನು ಒತ್ತಿದರೆ ನಾಯಿಕೆ ದಯಾವತಿ, ಎರಡನೆಯದನ್ನು ಒತ್ತಿದರೆ ಉಗ್ರೆ, ಮೂರನೆಯದನ್ನು ಒತ್ತಿದರೆ ಯುಕ್ತಿವಂತೆ. ಯಾವುದನ್ನು ಒತ್ತಿದರೂ ಮುಂದಿನ ಪ್ರಕರಣದಲ್ಲಿ ಅವಳು ಎಂದಿನವಳೇ. ತನ್ನ ಸಾಕುತಂದೆಯ ಸಾವಿಗೆ ಕಾರಣನಾದವನನ್ನು ಕೊಂದವಳ ಮನಸ್ಸೂ, ಅವನನ್ನು ಬಿಟ್ಟುಕೊಟ್ಟವಳ ಮನಸ್ಸೂ ಒಂದೇ ಆಗಿರಲಾರವು. ಕೃತಿಯು ಮಾತ್ರ ಒಂದೇ ಎಂದು ಭಾವಿಸಿ ಮುಂದುವರಿಯುತ್ತದೆ. ಕ್ಷಮೆಯು ಇಲ್ಲಿ ಪಾತ್ರದ ಗುಣವಾಗದೆ ಆಟಗಾರನ ರುಚಿಯಾಗಿಬಿಟ್ಟಿದೆ. ಬಾಲ್ಯದ ಪ್ರಕರಣದಲ್ಲಿ ಕಲ್ಲೆಸೆದ ಹುಡುಗನಾದ ಬಾಸ್ಟನಿಗೆ ಅವಳು ಏನು ಮಾಡಿದಳೆಂಬುದನ್ನು ಅವನು ದೊಡ್ಡವನಾದ ಮೇಲೆ ನೆನಪಿಸುವುದುಂಟು. ಅಂಥ ನೆನಪುಗಳು ಇನ್ನಷ್ಟು ಇದ್ದಿದ್ದರೆ ಆಯ್ಕೆಗಳಿಗೆ ತೂಕ ಬರುತ್ತಿತ್ತು.

ಇದಕ್ಕಿಂತ ದೊಡ್ಡ ದೋಷವೆಂದರೆ ಸ್ವಗತದ ದುರುಪಯೋಗ. ನಾಟಕದಲ್ಲಿ ಸ್ವಗತವಿರುವುದು ಪರರಿಗೆ ಹೇಳಲಾಗದ ಮನಸ್ಸನ್ನು ಸಾಮಾಜಿಕರ ಮುಂದೆ ತೆರೆಯುವುದಕ್ಕಾಗಿ. ಒಂಟಿಯಾಗಿ ಬೆಳೆದ ಹುಡುಗಿ ತನ್ನಷ್ಟಕ್ಕೆ ತಾನೇ ಮಾತನಾಡಿಕೊಳ್ಳುವುದು ಸ್ವಭಾವೋಚಿತವೂ ಹೌದು. ಆದರೆ ಈ ಆಟಗಳಲ್ಲಿ, ಅದರಲ್ಲಿಯೂ ಉತ್ತರಭಾಗದಲ್ಲಿ, ಅವಳ ಸ್ವಗತದ ಬಹುಭಾಗವು ಆ ಬಂಡೆಯನ್ನು ಹತ್ತಬಹುದು, ಆ ಯಂತ್ರಕ್ಕೆ ಬೆಂಕಿ ತಾಗಿದರೆ ಕೆಡುಕು, ಆ ಪೆಟ್ಟಿಗೆಯನ್ನು ಎಳೆಯಬೇಕು ಎಂಬ ಸೂಚನೆಗಳೇ ಆಗಿವೆ. ಆಟಗಾರನಿಗೆ ಹೇಳಬೇಕಾದುದನ್ನು ಅವಳು ತನಗೆ ಹೇಳಿಕೊಳ್ಳುವಂತೆ ಮಾಡಲಾಗಿದೆ. ಎಲ್ಲವನ್ನೂ ಬಲ್ಲವಳೆಂಬ ಆಕ್ಷೇಪವು ಹುಟ್ಟಿದ್ದರಲ್ಲಿ ಇದರ ಪಾಲು ಬಹಳ. ಕಥೆಯಲ್ಲಿ ಅವಳು ಅಜ್ಞಾನದಿಂದ ತೊಳಲುವವಳು. ತನ್ನ ಹುಟ್ಟೇ ಅವಳಿಗೆ ತಿಳಿಯದು. ಆಟದಲ್ಲಿ ಮಾತ್ರ ಪ್ರತಿಯೊಂದು ಗೋಡೆಯ ಮರ್ಮವನ್ನೂ ಆಟಗಾರನಿಗಿಂತ ಮೊದಲೇ ಅರಿತವಳು. ಆಶ್ಲಿ ಬರ್ಚ್ ಎಂಬ ನಟಿ ಏಲಾಯಳಿಗೆ ಕೊಟ್ಟಿರುವ ಧ್ವನಿಯಲ್ಲಿ ದುಃಖದ, ವ್ಯಂಗ್ಯದ, ಆಯಾಸದ ಸೂಕ್ಷ್ಮಭೇದಗಳೆಲ್ಲ ಇವೆ; ಅಂಥ ಧ್ವನಿಯನ್ನು ದಾರಿತೋರುವ ಕೈಮರವನ್ನಾಗಿ ಮಾಡಿದುದು ಶೋಚನೀಯ.

ಇದಕ್ಕೆ ವಿರುದ್ಧವಾಗಿ, ರಾಸ್ಟನ ಸಮಾಧಿಯ ಬಳಿಗೆ ಹೋದಾಗ ಅವಳು ಆಡುವ ಮಾತುಗಳಿವೆ. ಕಥೆಯ ಘಟ್ಟಗಳು ಒಂದೊಂದು ಕಳೆದ ಮೇಲೆ ಅಲ್ಲಿಗೆ ಹೋದರೆ ಒಂದೊಂದು ಹೊಸ ಮಾತು ಕೇಳಬರುತ್ತದೆ. ಅಲ್ಲಿ ಅವಳು ಯಾರಿಗೂ ದಾರಿ ತೋರುವುದಿಲ್ಲ; ಕಂಡದ್ದನ್ನು, ಅರ್ಥವಾಗದೆ ಉಳಿದದ್ದನ್ನು, ಹೇಳದೆ ಹೋದದ್ದನ್ನು ಸತ್ತವನಿಗೆ ನಿವೇದಿಸುತ್ತಾಳೆ. ನಿಜವಾದ ಸ್ವಗತವೆಂದರೆ ಇದು. ಆದರೆ ಆ ಸ್ಥಳಕ್ಕೆ ಹೋಗಲೇಬೇಕೆಂಬ ನಿರ್ಬಂಧವಿಲ್ಲ. ಒಮ್ಮೆಯೂ ಹೋಗದೆ ಆಟವನ್ನು ಮುಗಿಸಿದವರು ಇರಬಹುದು. ಪಾತ್ರದ ಹೃದಯವನ್ನು ಐಚ್ಛಿಕ ಭಾಗದಲ್ಲಿರಿಸಿ ಅವಳ ಯಂತ್ರಜ್ಞಾನವನ್ನು ಕಡ್ಡಾಯ ಮಾಡಿದ ಮೇಲೆ, ಅವಳು ಶುಷ್ಕಳೆಂದು ಜನ ಹೇಳಿದರೆ ಅದು ಪೂರ್ತಿ ಅವರ ತಪ್ಪಲ್ಲ.

ಕಂಡಕಂಡವರ ಕೆಲಸವನ್ನು ಹೊತ್ತು ತಿರುಗುವುದು ಇವಳ ಅವಸರಕ್ಕೆ ಹೊಂದುವುದಿಲ್ಲವೆಂಬ ಆಕ್ಷೇಪವೊಂದಿದೆ. ಲೋಕವು ಅಳಿಯುವ ಕಾಲದಲ್ಲಿ ಕಳೆದುಹೋದವರನ್ನೂ ಕಳೆದುಹೋದ ಸಾಮಾನನ್ನೂ ಹುಡುಕಿಕೊಡುವ ಬಿಡುವು ಅವಳಿಗೆ ಎಲ್ಲಿಯದು? ಈ ಬಗೆಯ ಆಟಗಳಿಗೆಲ್ಲ ಸಾಮಾನ್ಯವಾದ ದೋಷವಿದು. ಆದರೂ ಇವಳ ವಿಷಯದಲ್ಲಿ ಅದಕ್ಕೆ ಅರ್ಧ ಸಮಾಧಾನವಿದೆ. ಹದಿನೆಂಟು ವರ್ಷ ಯಾರೂ ಮಾತನಾಡಿಸದಿದ್ದವಳನ್ನು ಈಗ ಎಲ್ಲರೂ ಕರೆದು ಮಾತನಾಡಿಸುತ್ತಾರೆ. ಅವಳು ನಿಲ್ಲುತ್ತಾಳೆ, ಕೇಳುತ್ತಾಳೆ, ಕೆಲಸ ಮಾಡಿಕೊಡುತ್ತಾಳೆ. ಉಪಕಾರಸ್ಮರಣೆಯ ಹೊತ್ತಿಗೆ ಮುಜುಗರಪಟ್ಟು ಹೊರಟುಬಿಡುತ್ತಾಳೆ. ಚಿಕ್ಕಂದಿನಲ್ಲಿ ಯಂತ್ರಗಳ ಬಾಯಿಂದ ಅವಳು ತಪ್ಪಿಸಿದ್ದ ಟೆಬ್ ಎಂಬ ಹುಡುಗನು ವರ್ಷಗಳ ಮೇಲೆ ಅವಳನ್ನು ಕಂಡು ಕೃತಜ್ಞತೆಯನ್ನು ಹೇಳಿ ತಾನು ಹೊಲಿದ ಉಡುಪನ್ನು ಕೊಡುವ ಸನ್ನಿವೇಶದಲ್ಲಿ ಈ ಮುಜುಗರವು ಬಹು ಸಹಜವಾಗಿ ಮೂಡಿದೆ.

ಪಾತ್ರದ ನಿಜವಾದ ಪರೀಕ್ಷೆ ನಡೆಯುವುದು ಜನ್ಮರಹಸ್ಯವು ಬಯಲಾಗುವಲ್ಲಿ. 2060ರ ದಶಕದಲ್ಲಿ ಟೆಡ್ ಫಾರೋ ಎಂಬ ಧನಿಕನ ಯುದ್ಧಯಂತ್ರಗಳು ಹಿಡಿತಕ್ಕೆ ಸಿಕ್ಕದೆ ಭೂಮಿಯ ಜೀವರಾಶಿಯನ್ನೆಲ್ಲ ತಿಂದುಹಾಕಿದವು. ಎಲಿಸಬೆತ್ ಸೋಬೆಕ್ ಎಂಬ ವಿಜ್ಞಾನಿ ಅಳಿವನ್ನು ತಪ್ಪಿಸಲಾರದೆ, ಅಳಿದ ಬಳಿಕ ಜೀವವನ್ನು ಮರಳಿ ಹುಟ್ಟಿಸಬಲ್ಲ ಗೈಯಾ ಎಂಬ ಯಂತ್ರಬುದ್ಧಿಯನ್ನು ನಿರ್ಮಿಸಿದಳು. ಸಹೋದ್ಯೋಗಿಗಳಿದ್ದ ನೆಲೆಯ ಬಾಗಿಲನ್ನು ಹೊರಗಿನಿಂದ ಭದ್ರಪಡಿಸಲು ಹೋಗಿ ತಾನು ಹೊರಗೆ ಉಳಿದು ಸತ್ತಳು. ಸಾವಿರ ವರ್ಷಗಳ ಮೇಲೆ ಗೈಯಾ ಅಪಾಯಕ್ಕೆ ಸಿಕ್ಕಿದಾಗ, ಎಲಿಸಬೆತ್ತಳಿಗೆ ಮಾತ್ರ ತೆರೆಯುವ ಬಾಗಿಲುಗಳನ್ನು ತೆರೆಯಲೆಂದು ಅವಳ ತದ್ರೂಪಿಯಾದ ಶಿಶುವನ್ನು ಸೃಷ್ಟಿಸಿತು. ಆ ಶಿಶುವೇ ಏಲಾಯ್. ತಾಯಿಯನ್ನು ಹುಡುಕಿಕೊಂಡು ಹೊರಟವಳಿಗೆ ತಾಯಿಯೇ ಇಲ್ಲವೆಂದೂ, ತಾನು ಬೀಗದ ಕೈಯಂತೆ ಮಾಡಲ್ಪಟ್ಟವಳೆಂದೂ ಉತ್ತರ ಬರುತ್ತದೆ.

ಇಲ್ಲಿ ಕಥೆಗೆ ಒಂದು ದೊಡ್ಡ ಅಪಾಯವಿತ್ತು. ಬಹಿಷ್ಕೃತೆಯಾಗಿ ಬೆಳೆದವಳು ತನ್ನ ಶ್ರಮದಿಂದ ಹಿರಿಮೆಯನ್ನು ಗಳಿಸಿದಳೆಂದು ಇದುವರೆಗೆ ತೋರಿಸಿ, ಈಗ ಅವಳು ಮಹಾಪ್ರಾಜ್ಞೆಯೊಬ್ಬಳ ರಕ್ತಮಾಂಸಗಳಿಂದಲೇ ಆದವಳೆಂದರೆ, ಹಿರಿಮೆಯೆಲ್ಲ ಹುಟ್ಟಿನಿಂದ ಬಂದದ್ದೆಂದು ಹೇಳಿದಂತಾಗುತ್ತದೆ. ಕುಲವು ಅವಳನ್ನು ಹುಟ್ಟಿಗಾಗಿ ತಿರಸ್ಕರಿಸಿದ್ದು ತಪ್ಪಾದರೆ, ಕವಿಯು ಅವಳನ್ನು ಹುಟ್ಟಿಗಾಗಿ ಎತ್ತಿಹಿಡಿಯುವುದೂ ತಪ್ಪೇ. ಪೂರ್ವಭಾಗದ ಕಥಾನಿರ್ದೇಶಕ ಜಾನ್ ಗೊನ್ಜಾಲೆಜ್ ಮತ್ತು ಅವನ ಸಂಗಡಿಗರಿಗೆ ಈ ಅಪಾಯದ ಅರಿವಿತ್ತೆಂಬುದಕ್ಕೆ ಪರ್ವತದಿಂದ ಅವಳು ಹೊರಬರುವ ಪ್ರಕರಣವೇ ಪ್ರಮಾಣ. ಬಾಗಿಲು ಅವಳಿಗೆ ತೆರೆದುದನ್ನು ತಿಳಿದ ನೋರಾ ಜನರು ಅವಳನ್ನು ದೇವಿಯ ಅಂಶವೆಂದು ಭಾವಿಸಿ ಮೊಣಕಾಲೂರುತ್ತಾರೆ. ಏಲಾಯ್ ಸಿಟ್ಟಾಗುತ್ತಾಳೆ. ನಿನ್ನೆ ತನ್ನನ್ನು ಹೊರಗಿಟ್ಟವರು ಇಂದು ಪೂಜಿಸುವುದನ್ನು ತಾನು ಒಪ್ಪಲಾರೆನೆಂದೂ, ಈ ಬೆಟ್ಟದಾಚೆ ಇವರಂತೆಯೇ ಜನರಿರುವರು, ಅವರೂ ಉಳಿಯತಕ್ಕವರೇ ಎಂದೂ ಗದರಿಸುತ್ತಾಳೆ. ಜನ್ಮರಹಸ್ಯವನ್ನು ತಿಳಿದ ಕರ್ಣನು ರಾಜ್ಯವನ್ನು ಬಿಟ್ಟು ತನ್ನನ್ನು ಮನ್ನಿಸಿದವನ ಪಕ್ಷದಲ್ಲಿಯೇ ನಿಂತನು. ಅವನ ನಿರಾಕರಣೆಗೆ ಋಣವು ಕಾರಣ. ಇವಳಿಗೆ ಯಾರ ಋಣವೂ ಇಲ್ಲ, ಸತ್ತ ರಾಸ್ಟನದೊಂದನ್ನು ಬಿಟ್ಟು. ತನಗಿಂತ ದೊಡ್ಡದಾದ ಉದ್ದೇಶಕ್ಕೆ ದುಡಿಯಬೇಕೆಂದು ಅವನು ಕಲಿಸಿದ ಪಾಠವೇ ಈ ಗದರಿಕೆಯಲ್ಲಿ ಮಾತನಾಡುತ್ತಿದೆ. ತಿರಸ್ಕಾರ ಮತ್ತು ಪೂಜೆ ಒಂದೇ ದೋಷದ ಎರಡು ರೂಪಗಳೆಂದು ನಾಯಿಕೆ ಕಂಡುಕೊಳ್ಳುವ ಈ ಗಳಿಗೆಯಲ್ಲಿ ಪಾತ್ರವು ಪೂರ್ಣವಾಗಿ ಬೆಳೆದಿದೆ.

ಈ ಪ್ರಕರಣಕ್ಕೂ ಒಂದು ಕುಂದಿದೆ. ನೋರಾ ಕುಲವನ್ನು ಚಿತ್ರಿಸುವಲ್ಲಿ ಕರ್ತೃಗಳು ಅಮೆರಿಕದ ಮೂಲನಿವಾಸಿಗಳಿಂದ ಎರವಲು ತಂದ ಹೆಸರುಗಳನ್ನೂ ವೇಷಗಳನ್ನೂ ಬಳಸಿದ್ದಾರೆಂದು 2017ರಲ್ಲಿಯೇ ಆಕ್ಷೇಪ ಬಂದಿತು. ಅದರ ನ್ಯಾಯಾನ್ಯಾಯವು ಹಾಗಿರಲಿ. ಪಾತ್ರದ ದೃಷ್ಟಿಯಿಂದ ಗಮನಿಸತಕ್ಕದ್ದು ಇಷ್ಟು: ಕುಲದ ಆಚಾರಗಳಿಗೆ ಒಳಗಿನಿಂದ ಯಾವ ಅರ್ಥವನ್ನೂ ಕೊಡದೆ ಬರಿಯ ಮೌಢ್ಯವೆಂದೇ ಚಿತ್ರಿಸಿದ್ದರಿಂದ, ಏಲಾಯ್ ಅವುಗಳನ್ನು ಧಿಕ್ಕರಿಸುವುದು ಸುಲಭವಾಯಿತು. ಎದುರಾಳಿಯ ವಾದವು ಬಲವಾಗಿದ್ದಷ್ಟೂ ನಾಯಿಕೆಯ ನಿಲವಿಗೆ ಬೆಲೆ. ಟೀರ್ಸಾ ಒಬ್ಬಳು ಇಲ್ಲದಿದ್ದರೆ ನೋರಾ ಪಕ್ಷಕ್ಕೆ ವಕೀಲರೇ ಇರುತ್ತಿರಲಿಲ್ಲ. ಅವಳ ಸರಿಯಾದ ಪ್ರತಿಪಾತ್ರವೆಂದರೆ ಸೈಲೆನ್ಸ್. ಅವನಿಗೂ ಇವಳಷ್ಟೇ ಕುತೂಹಲ, ಇವಳಷ್ಟೇ ಒಂಟಿತನ, ಆಚಾರದ ವಿಷಯದಲ್ಲಿ ಇವಳಷ್ಟೇ ತಾತ್ಸಾರ. ಮನುಷ್ಯರ ಮೇಲಿನ ಕರುಣೆಯೊಂದು ಇಲ್ಲ. ರಾಸ್ಟನು ಇಲ್ಲದೆ ಬೆಳೆದಿದ್ದರೆ ಏಲಾಯ್ ಏನಾಗುತ್ತಿದ್ದಳೆಂಬುದನ್ನು ಅವನಲ್ಲಿ ಕಾಣಬಹುದು.

ಪೂರ್ವಭಾಗದ ಅಂತ್ಯದಲ್ಲಿ ಏಲಾಯ್ ಎಲಿಸಬೆತ್ತಳ ಹುಟ್ಟೂರ ಮನೆಯನ್ನು ಹುಡುಕಿಕೊಂಡು ಹೋಗಿ, ಅಲ್ಲಿ ಆಸನದ ಮೇಲೆ ಸಾವಿರ ವರ್ಷದಿಂದ ಕುಳಿತಿರುವ ಅವಳ ಅವಶೇಷದ ಮುಂದೆ ನಿಲ್ಲುತ್ತಾಳೆ. ತನಗೆ ಮಗಳಿದ್ದಿದ್ದರೆ ಹೇಗಿರಬೇಕೆಂದು ಎಲಿಸಬೆತ್ ಹಿಂದೆ ಗೈಯಾದೊಡನೆ ಆಡಿದ ಮಾತು ಆಗ ಕೇಳಿಸುತ್ತದೆ. ತಾನು ಯಾವ ಸ್ವಭಾವಕ್ಕಾಗಿ ಬೈಸಿಕೊಂಡಳೋ ಆ ಸ್ವಭಾವವನ್ನೇ ಒಬ್ಬಳು ಹಾರೈಸಿದ್ದಳೆಂದು ಅವಳಿಗೆ ತಿಳಿಯುತ್ತದೆ. ತಾಯಿ ದೊರೆತಳು ಎನ್ನಲಾಗದು, ದೊರೆಯಲಿಲ್ಲ ಎನ್ನಲೂ ಆಗದು. ಮೊದಲ ಪ್ರಶ್ನೆಗೆ ಕೊಡಬಹುದಾದ ಉತ್ತರಗಳಲ್ಲಿ ಇದೊಂದೇ ಪ್ರಾಮಾಣಿಕವಾದುದು. ಆಡುವವನಿಗೆ ಇಲ್ಲಿ ಯಾವ ಗುರುತನ್ನೂ ಒತ್ತುವ ಅವಕಾಶವಿಲ್ಲ. ಪಾತ್ರವು ಆಗ ಪೂರ್ತಿಯಾಗಿ ಕವಿಯ ಕೈಯಲ್ಲಿದೆ. ಕೃತಿಯ ಕರುಣವು ಪಾಕಕ್ಕೆ ಬರುವುದೂ ಇಲ್ಲಿಯೇ.

ಇಷ್ಟು ಸಮಾಪ್ತವಾದ ಪಾತ್ರವನ್ನು ಉತ್ತರಭಾಗಕ್ಕೆ ತರುವುದು ಸಾಹಸ. ಉತ್ತರಭಾಗದ ಕರ್ತೃಗಳು ಮಾಡಿದ ಒಳ್ಳೆಯ ಕೆಲಸವೆಂದರೆ, ಪೂರ್ವಭಾಗವು ಗುಣವೆಂದು ಎಣಿಸಿದ್ದ ಏಕಾಕಿತನವನ್ನು ದೋಷವೆಂದು ಗುರುತಿಸಿದ್ದು. ವಿಜಯೋತ್ಸವದ ಹೊತ್ತಿಗೆ ಸ್ನೇಹಿತರಿಗೆ ಹೇಳದೆ ಹೊರಟುಹೋದವಳನ್ನು ವಾರ್ಲ್ ಎಂಬ ನೋರಾ ಯೋಧನು ಆರು ತಿಂಗಳ ಮೇಲೆ ಹಿಡಿಯುತ್ತಾನೆ. ನಿಗೂಢವಾಗಿದ್ದ ಅಹಂಕಾರವು ಈಗ ಕಾಣಿಸಿಕೊಳ್ಳುತ್ತದೆ: ಎಲಿಸಬೆತ್ ಒಬ್ಬಳೇ ಲೋಕವನ್ನು ಉಳಿಸಿದಳು, ಆದುದರಿಂದ ತಾನೂ ಒಬ್ಬಳೇ ಉಳಿಸಬೇಕು. ಇದು ಚರಿತ್ರೆಯ ತಪ್ಪು ಓದು, ಏಕೆಂದರೆ ಎಲಿಸಬೆತ್ ನೂರಾರು ಜನರೊಡನೆ ಕೆಲಸಮಾಡಿದವಳು. ತಾಯಿಯ ಸ್ಥಾನದಲ್ಲಿ ಒಂದು ವಿಗ್ರಹವನ್ನಿಟ್ಟುಕೊಂಡ ಏಲಾಯ್ ತಾನು ಗದರಿಸಿದ ನೋರಾ ಜನರಂತೆಯೇ ಆಗಿದ್ದಾಳೆಂಬ ವಿಪರ್ಯಾಸವು ಇಲ್ಲಿದೆ. ಕೃತಿಯು ಇದನ್ನು ಇನ್ನಷ್ಟು ಅಗೆಯಬಹುದಾಗಿತ್ತು.

ಬೀಟಾಳ ಪಾತ್ರವು ಉತ್ತರಭಾಗದ ಶ್ರೇಷ್ಠ ಕಲ್ಪನೆ. ಹಿಂದೆ ಭೂಮಿಯನ್ನು ಬಿಟ್ಟು ಓಡಿಹೋಗಿ ಚಿರಂಜೀವಿಗಳಾದ ಧನಿಕರು ಎಲಿಸಬೆತ್ತಳ ಇನ್ನೊಂದು ತದ್ರೂಪಿಯನ್ನು ತಮ್ಮ ಉಪಯೋಗಕ್ಕಾಗಿ ಹುಟ್ಟಿಸಿದ್ದಾರೆ. ಅವಳೇ ಬೀಟಾ. ಮುಖ ಅದೇ, ಬುದ್ಧಿ ಅದೇ. ಆದರೆ ಮನುಷ್ಯರ ಅಕ್ಕರೆಯಿಲ್ಲದೆ ಯಂತ್ರದ ಛಾಯಾಚಿತ್ರಗಳ ನಡುವೆ ಬೆಳೆದವಳು. ಆದುದರಿಂದ ಅಂಜುಬುರುಕಿ, ತನ್ನಲ್ಲಿ ತನಗೇ ನಂಬಿಕೆಯಿಲ್ಲದವಳು. ಹುಟ್ಟೋ ಸಾಕಣೆಯೋ ಎಂದು ಪೂರ್ವಭಾಗವು ಅರ್ಧ ಬಿಟ್ಟಿದ್ದ ವಾದಕ್ಕೆ ಬೀಟಾಳೇ ಸಾಕ್ಷಿಯಾಗಿ ಬಂದು ನಿಲ್ಲುತ್ತಾಳೆ. ರಾಸ್ಟನು ಏನು ಮಾಡಿದನೆಂಬುದು ಅವನಿಲ್ಲದ ಹುಡುಗಿಯನ್ನು ಕಂಡಾಗ ಗೊತ್ತಾಗುತ್ತದೆ. ಏಲಾಯಳಿಗೆ ಇದು ಕೂಡಲೇ ಹೊಳೆಯುವುದಿಲ್ಲ. ತನ್ನಂತಿರದ ತನ್ನ ರೂಪವನ್ನು ಕಂಡು ಅವಳು ಸಿಡುಕುತ್ತಾಳೆ, ಹೆದರಿದವಳಿಂದ ಧೈರ್ಯವನ್ನು ಕೇಳುತ್ತಾಳೆ. ಬೀಟಾಳನ್ನು ಮೃದುವಾಗಿ ಮಾತನಾಡಿಸುವವನು ವಾರ್ಲ್. ಎಂದೂ ತಪ್ಪದವಳೆಂಬ ಆಕ್ಷೇಪಕ್ಕೆ ಇಲ್ಲಿ ಸರಿಯಾದ ಉತ್ತರವಿದೆ. ಏಲಾಯ್ ಇಲ್ಲಿ ತಪ್ಪುತ್ತಾಳೆ. ಅದೂ ತಾನು ಚಿಕ್ಕಂದಿನಲ್ಲಿ ಅನುಭವಿಸಿದ ಕಾಠಿಣ್ಯವನ್ನೇ ಇನ್ನೊಬ್ಬಳಿಗೆ ತೋರಿಸಿ ತಪ್ಪುತ್ತಾಳೆ.

ಆ ಬಳಿಕ ವಾರ್ಲನು ಶತ್ರುವಿನ ಕೈಯಲ್ಲಿ ಸಾಯುತ್ತಾನೆ; ಬೀಟಾ ಸೆರೆಯಾಗುತ್ತಾಳೆ. ಈ ಸಾವಿನಿಂದ ಏಲಾಯಳಲ್ಲಿ ಆಗಬೇಕಾದ ಮಾರ್ಪಾಟನ್ನು ಕೃತಿಯು ತೋರಿಸುವುದಕ್ಕಿಂತ ಹೆಚ್ಚಾಗಿ ಹೇಳಿಬಿಡುತ್ತದೆ. ಸಂಗಡಿಗರು ಸೇರುತ್ತಾರೆ, ದುಃಖದ ನಾಲ್ಕು ಮಾತುಗಳಾಗುತ್ತವೆ, ಯುದ್ಧಸನ್ನಾಹ ನಡೆಯುತ್ತದೆ. ವಾರ್ಲನ ಮಗುವನ್ನು ಹೊತ್ತ ಜೋ ಎಂಬವಳ ಶೋಕಕ್ಕೂ ದೊರೆಯುವ ಅವಕಾಶ ಕಿರಿದು. ಸಂಗಡಿಗರಿಗಾಗಿ ಪರ್ವತದೊಳಗೆ ಒಂದು ಮನೆಯನ್ನೇ ಕಲ್ಪಿಸಿದ್ದರೂ, ಕಾಡಿನಲ್ಲಿ ಏಲಾಯಳನ್ನು ಬಹುಪಾಲು ಒಬ್ಬಳನ್ನಾಗಿಯೇ ನಡೆಸಬೇಕಾಗಿರುವುದರಿಂದ, ಒಂಟಿತನವನ್ನು ಬಿಟ್ಟಳೆಂದು ಕಥೆಯು ಹೇಳುವಾಗಲೂ ಆಟಗಾರನ ಕಣ್ಣಿಗೆ ಅವಳು ಒಂಟಿಯಾಗಿಯೇ ಕಾಣುತ್ತಾಳೆ. ಟಿಲ್ಡಾ ಎಂಬ ಚಿರಂಜೀವಿನಿಯ ಪ್ರಕರಣಕ್ಕೂ ಇದೇ ಗತಿ. ಹಿಂದೆ ಎಲಿಸಬೆತ್ತಳನ್ನು ಪ್ರೀತಿಸಿ ಬಿಟ್ಟುಹೋದ ಇವಳು, ಪ್ರಾಚೀನ ಡಚ್ ವರ್ಣಚಿತ್ರಗಳನ್ನು ಕೂಡಿಟ್ಟಂತೆ ಏಲಾಯಳನ್ನೂ ಎಲಿಸಬೆತ್ತಳ ಉತ್ತಮ ಪ್ರತಿಯೆಂದು ಕೂಡಿಟ್ಟುಕೊಳ್ಳಲು ಬಯಸುತ್ತಾಳೆ. ತಾನು ಯಾರ ಪ್ರತಿಯೂ ಅಲ್ಲವೆಂದು ಏಲಾಯ್ ಅರಿತು ಹೇಳಬೇಕಾದ ಸ್ಥಳವಿದು. ಎರಡೂ ಭಾಗಗಳ ವಸ್ತು ಇಲ್ಲಿ ಒಂದಾಗಬಹುದಾಗಿತ್ತು. ಆದರೆ ನಾಲ್ಕು ಮಾತುಗಳಾಗುವಷ್ಟರಲ್ಲಿ ಟಿಲ್ಡಾ ಯುದ್ಧಯಂತ್ರವೊಂದರೊಳಕ್ಕೆ ಹೊಕ್ಕು ಕಾದಾಟಕ್ಕೆ ನಿಲ್ಲುತ್ತಾಳೆ. ವಾದದಿಂದ ಮುಗಿಯಬೇಕಾದುದು ಬಾಣಗಳಿಂದ ಮುಗಿಯುತ್ತದೆ.

2023ರ ಏಪ್ರಿಲ್‌ನಲ್ಲಿ ಬಂದ ‘ಬರ್ನಿಂಗ್ ಶೋರ್ಸ್’ ಎಂಬ ಪರಿಶಿಷ್ಟಭಾಗದಲ್ಲಿ ಸೇಕಾ ಎಂಬ ಕ್ವೆನ್ ಕುಲದ ಯೋಧೆಯೊಡನೆ ಏಲಾಯಳಿಗೆ ಸ್ನೇಹವಾಗುತ್ತದೆ. ಇಲ್ಲಿ ಕಾದಾಟಗಳಲ್ಲಿಯೂ ಇಬ್ಬರು ಜೊತೆಯಾಗಿರುವುದರಿಂದ, ಒಂಟಿತನ ಬಿಟ್ಟವಳ ನಡೆ ಮೊದಲ ಬಾರಿಗೆ ಕಣ್ಣಿಗೆ ಕಾಣುತ್ತದೆ. ಸಮಾನಳೊಬ್ಬಳು ಎದುರಿಗಿರುವಾಗ ಏಲಾಯಳ ಮಾತಿನಲ್ಲಿ ತಡವರಿಕೆ, ನಗೆ, ಸಂಕೋಚ ಇವು ಬರುತ್ತವೆ. ದಾರಿತೋರುವ ಸ್ವಗತಗಳ ಬದಲಿಗೆ ಸಂಭಾಷಣೆ ನಡೆಯುತ್ತದೆ. ಕೊನೆಯಲ್ಲಿ ಸೇಕಾ ತನ್ನ ಪ್ರೀತಿಯನ್ನು ತಿಳಿಸಿದಾಗ ಏಲಾಯ್ ಏನೆನ್ನುವಳೆಂದು ಕಾದರೆ, ಪರದೆಯ ಮೇಲೆ ಮತ್ತೆ ಅದೇ ಮೂರು ಗುರುತುಗಳು ಮೂಡುತ್ತವೆ. ಓಲಿನನನ್ನು ಕೊಲ್ಲುವುದೋ ಬಿಡುವುದೋ ಎಂದು ಕೇಳಿದ ಕೈಗೇ ಈಗ ಅವಳು ಪ್ರೀತಿಸುವಳೋ ಇಲ್ಲವೋ ಎಂದು ಕೇಳಲಾಗುತ್ತದೆ. ಆರು ವರ್ಷಗಳ ಕಾಲ ಅವಳನ್ನು ಬರೆದವರು ಆ ಉತ್ತರವನ್ನು ತಾವೇ ಬರೆಯುವುದಿಲ್ಲ.